ಬಗ್ಗದ ಖಿನ್ನತೆ: ಒಂದು ವಿಶೇಷಣ, ಒಂದು ಉಪ್ಪು

ಆಧುನಿಕ ಮನೋವೈದ್ಯದ ಪರಿಭಾಷೆಯಲ್ಲಿ ‘ಟ್ರೀಟ್‌ಮೆಂಟ್ ರೆಸಿಸ್ಟೆಂಟ್ ಡಿಪ್ರೆಶನ್’ ಎಂಬುದೊಂದು ಹೆಸರು. ಕಡತಗಳಲ್ಲಿ ಅದನ್ನು ‘ಟಿ.ಆರ್.ಡಿ.’ ಎಂಬ ಮೂರಕ್ಷರಕ್ಕೆ ಇಳಿಸಿ ಬರೆಯುವುದು ರೂಢಿ. ಕನ್ನಡಕ್ಕೆ ತರುವುದಾದರೆ ‘ಚಿಕಿತ್ಸಾನಿರೋಧಕ ಖಿನ್ನತೆ’ ಎನ್ನಬಹುದು. ಸಂಸ್ಕೃತದ ಭಾರ ಬೇಡವೆಂದರೆ ‘ಮದ್ದಿಗೆ ಬಗ್ಗದ ಖಿನ್ನತೆ’ ಎನ್ನಬಹುದು. ಬಗ್ಗದ, ಜಗ್ಗದ, ಮಣಿಯದ: ಕನ್ನಡದ ಈ ನಿಷೇಧ ಕೃದಂತಗಳನ್ನು ನಾವು ಸಾಮಾನ್ಯವಾಗಿ ಬಳಸುವುದು ಹಟಮಾರಿ ಮಗುವಿಗೆ, ಹದಕ್ಕೆ ಬಾರದ ಕಬ್ಬಿಣಕ್ಕೆ, ಕಪ್ಪ ಒಪ್ಪಿಸದ ಮಾಂಡಲಿಕನಿಗೆ. ಶಾಸನಗಳ ಭಾಷೆಯಲ್ಲಿ ಮಣಿಯದವನ ಗತಿ ಏನಾಗುತ್ತದೆಂಬುದು ಓದುಗರಿಗೆ ಗೊತ್ತೇ ಇದೆ. ಒಂದು ರೋಗಕ್ಕೆ ಇಂಥ ವಿಶೇಷಣವನ್ನು ಹಚ್ಚಿದಾಗ ಅದು ರೋಗದ ಮೇಲೆಯೇ ನಿಲ್ಲುತ್ತದೆಯೋ, ರೋಗಿಯ ಮೇಲಕ್ಕೆ ಜಾರುತ್ತದೆಯೋ ಎಂಬ ಪ್ರಶ್ನೆ ಕಳೆದ ಎರಡು ವರ್ಷಗಳಿಂದ ನನ್ನನ್ನು ಕಾಡುತ್ತಿದೆ.

‘ಖಿನ್ನ’ ಶಬ್ದದ ಮೂಲ ‘ಖಿದ್’ ಧಾತು. ಒತ್ತು, ಅಮುಕು ಎಂಬುದು ಅದರ ಹಳೆಯ ಅರ್ಥಗಳಲ್ಲಿ ಒಂದು. ದಣಿದ, ಕುಗ್ಗಿದ, ನೊಂದ ಎಂಬ ಅರ್ಥಗಳು ಅದರಿಂದಲೇ ಬಂದವು. ‘ಡಿಪ್ರೆಶನ್’ ಎಂಬುದರ ಲ್ಯಾಟಿನ್ ಮೂಲಕ್ಕೂ ಕೆಳಕ್ಕೆ ಒತ್ತುವುದೆಂಬ ಅರ್ಥವೇ ಇರುವುದು ಸ್ವಾರಸ್ಯಕರ. ಎರಡೂ ಭಾಷೆಗಳು ರೋಗಿಯನ್ನು ಒತ್ತಡಕ್ಕೆ ಸಿಕ್ಕವರೆಂದೇ ಕಂಡಿವೆ. ಹಾಗೆ ಅಮುಕಿಹೋದವರಿಗೆ ‘ಬಗ್ಗದವರು’ ಎಂಬ ಬಿರುದು ಹೇಗೆ ಬಂದಿತು?

ಈ ಮೂರಕ್ಷರವನ್ನು ನಾನು ಮೊದಲು ಓದಿದ್ದು ನಮ್ಮ ಅಕ್ಕನ ಕಡತದಲ್ಲಿ. ಹೆಸರು ಬೇಡ, ಉಳಿದದ್ದನ್ನು ಬರೆಯಬಹುದು ಎಂದು ಅವರು ಹೇಳಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಕಾರ್ಕಳದ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಹಳಗನ್ನಡದ ಕಂದವನ್ನು ಎಲ್ಲಿ ಉಸಿರು ನಿಲ್ಲಿಸಿ ಓದಬೇಕೆಂದು ನನಗೆ ತೋರಿಸಿದವರೂ ಅವರೇ. ನಿವೃತ್ತಿಯ ಎರಡನೆಯ ವರ್ಷ, ಯಾರೂ ಬೆರಳಿಟ್ಟು ತೋರಿಸಬಹುದಾದ ಕಾರಣವಿಲ್ಲದೆ, ಅವರ ದಿನಗಳು ಕುಗ್ಗತೊಡಗಿದವು. ಬೆಳಗಿನ ಮೂರು ಗಂಟೆಗೆ ಎಚ್ಚರ, ಮತ್ತೆ ನಿದ್ರೆಯಿಲ್ಲ. ಗಂಜಿಯ ಮುಂದೆ ಕುಳಿತರೆ ಎರಡು ತುತ್ತಿಗೆ ಸಾಕು. ಮಾತು ಕಡಿಮೆಯಾಯಿತು, ಆಮೇಲೆ ಓದು ನಿಂತಿತು. “ಅಕ್ಷರ ಕಾಣುತ್ತದೆ, ಪದ ಕಾಣುವುದಿಲ್ಲ” ಎಂದು ಒಮ್ಮೆ ಹೇಳಿದರು. ಅವರನ್ನು ಬಲ್ಲ ನನಗೆ ನಿದ್ರೆ ಊಟಗಳ ಸುದ್ದಿಗಿಂತ ಈ ಮಾತೇ ಹೆಚ್ಚು ಭಯ ಹುಟ್ಟಿಸಿತು.

ಬಂಧುಗಳು ಕಾರಣಗಳನ್ನು ಹುಡುಕಿದರು. ಮಕ್ಕಳು ದೂರದಲ್ಲಿದ್ದಾರೆ, ಭಾವನವರಿಗೆ ಮಾತು ಕಡಿಮೆ, ಕೆಲಸವಿಲ್ಲದೆ ಕುಳಿತರೆ ಹೀಗೇ ಆಗುತ್ತದೆ, ಯಾತ್ರೆಗೆ ಹೋಗಿ ಬಂದರೆ ಸರಿಹೋಗುತ್ತದೆ. ಯಾತ್ರೆಯೂ ಆಯಿತು. ಕೊನೆಗೆ ಮಂಗಳೂರಿನ ಮನೋವೈದ್ಯರೊಬ್ಬರ ಬಳಿಗೆ ಹೋದೆವು. ಎಸ್ಸಿಟಲೋಪ್ರಾಮ್ ಎಂಬ ಮಾತ್ರೆಯನ್ನು ಕೊಟ್ಟು, ಪ್ರಮಾಣವನ್ನು ಮೆಲ್ಲನೆ ಏರಿಸಿ, ಎಂಟು ವಾರ ನೋಡಿದರು. ಆಗಲಿಲ್ಲ. ವೆನ್ಲಾಫಾಕ್ಸಿನ್ ಎಂಬ ಇನ್ನೊಂದಕ್ಕೆ ಬದಲಾಯಿಸಿದರು. ನಿದ್ರೆ ಅರ್ಧ ಮರಳಿತು, ಊಟವೂ ಸ್ವಲ್ಪ. ಓದು ಬರಲಿಲ್ಲ, ನಗೆ ಬರಲಿಲ್ಲ, ತಾನು ಎಲ್ಲರಿಗೂ ಹೊರೆ ಎಂಬ ಮಾತು ಹೋಗಲಿಲ್ಲ. ಐದನೆಯ ತಿಂಗಳಿನ ಭೇಟಿಯಲ್ಲಿ ವೈದ್ಯರು ಕಡತದ ಮೇಲೆ ಆ ಮೂರಕ್ಷರವನ್ನು ಬರೆದರು. ಅಕ್ಕ ಅದನ್ನು ತಲೆಕೆಳಗಾಗಿಯೇ ಓದಿ ಅರ್ಥ ಕೇಳಿದರು. ವೈದ್ಯರು ಸೌಜನ್ಯದಿಂದಲೇ ವಿವರಿಸಿದರು. ಬಸ್ಸಿನಲ್ಲಿ ಹಿಂದಿರುಗುವಾಗ ಅಕ್ಕ ಹೇಳಿದ್ದು ಇಷ್ಟು: “ನೋಡು, ಮದ್ದು ಸರಿಯಾಗಿಯೇ ಇದೆ. ಬಗ್ಗದವಳು ನಾನು.”

ಈ ರೋಗದ ಲಕ್ಷಣಗಳ ಪಟ್ಟಿಯಲ್ಲಿ ಅಕಾರಣವಾದ ಅಪರಾಧಭಾವವೂ ಒಂದು. ಹೊಣೆ ಯಾರದ್ದಾದರೂ ಅದನ್ನು ತನ್ನ ತಲೆಯ ಮೇಲೆ ಎಳೆದುಕೊಳ್ಳುವುದು ಈ ಸ್ಥಿತಿಯ ಸ್ವಭಾವ. ಹಾಗಿರುವಾಗ ‘ನಿರೋಧಕ’ವೆಂಬ ವಿಶೇಷಣ ಕೈಗೆ ಸಿಕ್ಕರೆ ಮನಸ್ಸು ಅದನ್ನು ಎಲ್ಲಿ ಇಟ್ಟುಕೊಳ್ಳುತ್ತದೆಂಬುದರಲ್ಲಿ ಸಂಶಯವಿಲ್ಲ. ಜ್ವರಕ್ಕೆ ಕೊಟ್ಟ ಔಷಧ ನಾಟದಿದ್ದರೆ ಯಾರೂ ತಮ್ಮನ್ನು ಹಳಿದುಕೊಳ್ಳುವುದಿಲ್ಲ.

ಆ ವಾರದಿಂದ ನಾನು ಓದತೊಡಗಿದೆ. ಸಾಹಿತ್ಯ, ಚರಿತ್ರೆಗಳ ವಿದ್ಯಾರ್ಥಿಗೆ ತಿಳಿದಿರುವ ದಾರಿ ಒಂದೇ: ಒಂದು ಪದ ಎಲ್ಲಿಂದ ಬಂತು, ಅದು ಸೂಚಿಸುವ ವಸ್ತು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗುವುದು. ಬಗ್ಗುವುದು ಬಗ್ಗದಿರುವುದು ಯಾವುದರ ಮುಂದೆ? ಆ ಮದ್ದುಗಳ ವಂಶವೃತ್ತಾಂತವೇನು?

ಪರಿಭಾಷೆಯ ಮಟ್ಟಿಗೆ ಉತ್ತರ ಸರಳ. ಎರಡು ಖಿನ್ನತಾನಿವಾರಕಗಳನ್ನು, ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ವಾರಗಳ ಕಾಲ ಕೊಟ್ಟ ಮೇಲೂ ತಕ್ಕ ಸುಧಾರಣೆ ಕಾಣದಿದ್ದರೆ ಈ ಹೆಸರು ಸಲ್ಲುತ್ತದೆ ಎಂಬುದು ಹೆಚ್ಚು ಬಳಕೆಯಲ್ಲಿರುವ ವ್ಯಾಖ್ಯೆ. ಇದರಲ್ಲಿ ‘ಸಾಕಷ್ಟು’ ಎಂಬ ಪದ ಎರಡು ಬಾರಿ ಬರುತ್ತದೆ. ವ್ಯಾಖ್ಯೆಯ ತೂಕವೆಲ್ಲ ಅದರ ಮೇಲೆಯೇ ಇದೆ. ಮಾತ್ರೆ ಸಾಲದೆ ಹೋಗಿರಬಹುದು, ಕಾಲ ಸಾಲದೆ ಹೋಗಿರಬಹುದು, ರೋಗಿ ಮಾತ್ರೆಯನ್ನು ನುಂಗದೇ ಇರಬಹುದು, ಥೈರಾಯ್ಡ್ ಗ್ರಂಥಿ ಮಂದವಾಗಿರಬಹುದು, ಬೇರೆ ಯಾವುದೋ ಔಷಧ ಅಡ್ಡ ಬರುತ್ತಿರಬಹುದು. ಇವನ್ನೆಲ್ಲ ನೋಡದೆ ಕೊಟ್ಟ ಹೆಸರು ಹುಸಿ ಹೆಸರು ಎಂದು ವೈದ್ಯರೇ ಬರೆಯುತ್ತಾರೆ. ಅಕ್ಕನ ವಿಷಯದಲ್ಲಿ ಇವನ್ನೆಲ್ಲ ನೋಡಿದ್ದರು. ಹಾಗಾಗಿ ಹೆಸರು ಪರಿಭಾಷೆಯ ದೃಷ್ಟಿಯಿಂದ ಸರಿಯಾಗಿಯೇ ಇತ್ತು.

ಮದ್ದುಗಳ ವಂಶವೃತ್ತಾಂತಕ್ಕೆ ಬಂದರೆ ಚಿತ್ರ ಬೇರೆಯಾಗುತ್ತದೆ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಯಾಜಿಡ್ ಎಂಬ ಹೊಸ ಔಷಧವನ್ನು ಕೊಡುತ್ತಿದ್ದಾಗ, ಹಾಸಿಗೆ ಹಿಡಿದವರು ಎದ್ದು ಓಡಾಡಿ, ನಗತೊಡಗಿ, ವಾರ್ಡಿನಲ್ಲಿ ಕುಣಿದದ್ದೂ ಉಂಟು. ಕ್ಷಯಕ್ಕೆ ತಂದ ಮದ್ದು ಖಿನ್ನತೆಗೆ ಹೊರಳಿದ್ದು ಹಾಗೆ. ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗನ್ ಎಂಬ ಊರಿನ ಆಸ್ಪತ್ರೆಯಲ್ಲಿ ರೋಲಂಡ್ ಕೂನ್ ಎಂಬ ವೈದ್ಯ ಗೈಗಿ ಕಂಪನಿ ಕಳುಹಿಸಿದ ಒಂದು ರಾಸಾಯನಿಕವನ್ನು ಸ್ಕಿಜೋಫ್ರೀನಿಯಾಕ್ಕೆಂದು ಪರೀಕ್ಷಿಸಿದ. ಅದಕ್ಕೆ ಅದು ನಾಟಲಿಲ್ಲ. 1956ರಲ್ಲಿ ಖಿನ್ನರಿಗೆ ಕೊಟ್ಟು ನೋಡಿದಾಗ ಅವರು ಚೇತರಿಸಿಕೊಂಡರು. ಅದೇ ಇಮಿಪ್ರಮಿನ್, ‘ಟ್ರೈಸೈಕ್ಲಿಕ್’ ಎಂಬ ಗುಂಪಿನ ಮೊದಲನೆಯದು. ಕೂನ್ ಅದನ್ನು 1957ರಲ್ಲಿ ಪ್ರಕಟಿಸಿದ.

ನಮ್ಮ ನೆಲದ ಒಂದು ಬೇರೂ ಈ ಕಥೆಯೊಳಗಿದೆ. ಸರ್ಪಗಂಧವನ್ನು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಕೊಡಬಹುದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಪ್ರಕಟಿಸಿದ ಮೇಲೆ ಪಶ್ಚಿಮದ ಕಣ್ಣು ಅದರ ಮೇಲೆ ಬಿತ್ತು. 1952ರಲ್ಲಿ ಸ್ವಿಸ್ ಕಂಪನಿಯಾದ ಸೀಬಾದ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆಂದು ಅದನ್ನು ಸೇವಿಸಿದ ಕೆಲವರು ಖಿನ್ನತೆಗೆ ಬಿದ್ದರೆಂಬ ವರದಿಗಳೂ, ಮಿದುಳಿನ ಸೆರಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಅದು ಬರಿದು ಮಾಡುತ್ತದೆಂಬ ಪ್ರಯೋಗಗಳೂ ಸೇರಿ, ಖಿನ್ನತೆಯೆಂದರೆ ಈ ವಸ್ತುಗಳ ಕೊರತೆ ಎಂಬ ಊಹೆಗೆ ಇಂಬಾದವು. ಆ ವರದಿಗಳು ಎಷ್ಟು ಗಟ್ಟಿ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಆದರೆ ಊಹೆ ಉಳಿಯಿತು. ಅಕ್ಕ ನುಂಗಿದ ಎರಡೂ ಮಾತ್ರೆಗಳು ಅದರ ಸಂತಾನವೇ.

ಅಂದರೆ, ಖಿನ್ನತೆ ಎಂಬ ಬೀಗವನ್ನು ಬಿಚ್ಚಿ ನೋಡಿ, ಅದರ ಒಳಗನ್ನು ಅರಿತು ಯಾರೂ ಈ ಕೀಲಿಗಳನ್ನು ಕಡೆಯಲಿಲ್ಲ. ಬೇರೆ ಬೀಗಗಳಿಗೆ ಮಾಡಿದ ಕೀಲಿಗಳು ಇದರಲ್ಲೂ ತಿರುಗಿದವು, ಕೆಲವು ಸಲ. ಕೆಲವು ಸಲ ಎಂದರೆ ಎಷ್ಟು ಸಲ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ರೋಗಿಗಳನ್ನು ಸೇರಿಸಿಕೊಂಡು ನಡೆದು 2006ರಲ್ಲಿ ಫಲಿತಾಂಶ ಪ್ರಕಟಿಸಿದ ‘ಸ್ಟಾರ್-ಡಿ’ ಎಂಬ ಅಧ್ಯಯನದಲ್ಲಿ, ಮೊದಲ ಔಷಧದಿಂದ ಲಕ್ಷಣಗಳು ಬಹುಮಟ್ಟಿಗೆ ನೀಗಿದ್ದು ನೂರಕ್ಕೆ ಸುಮಾರು 37 ಮಂದಿಗೆ. ಉಳಿದು ಎರಡನೆಯ ಹಂತಕ್ಕೆ ಬಂದವರಲ್ಲಿ ನೂರಕ್ಕೆ 31. ಮೂರನೆಯ ಹಂತದಲ್ಲಿ 14, ನಾಲ್ಕನೆಯದರಲ್ಲಿ 13. ಈ ಅಂಕಿಗಳು ನಿಜಕ್ಕಿಂತ ಉದಾರವಾಗಿವೆ ಎಂದು ಅದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಿದವರು 2023ರಲ್ಲಿ ವಾದಿಸಿದ್ದಾರೆ. ಉದಾರವಾದ ಲೆಕ್ಕವನ್ನೇ ಹಿಡಿದರೂ, ಮೊದಲ ಮದ್ದಿಗೆ ಪೂರ್ತಿ ಗುಣವಾಗದಿರುವವರೇ ಬಹುಸಂಖ್ಯಾತರು. ಬಹುಸಂಖ್ಯಾತರನ್ನು ಬಗ್ಗದವರೆಂದು ಕರೆಯುವ ಮೊದಲು ಕೀಲಿಯನ್ನು ಒಮ್ಮೆ ನೋಡಬೇಡವೇ?

ಈ ಲೆಕ್ಕವನ್ನು ಅಕ್ಕನಿಗೆ ಓದಿ ಹೇಳಿದೆ. ಸಮಾಧಾನವೇನೂ ಆದಂತೆ ಕಾಣಲಿಲ್ಲ. “ಮೂರನೆಯದು ಹದಿನಾಲ್ಕೇ?” ಎಂದರು. ನೊಂದವರಿಗೆ ಅಂಕಿಸಂಖ್ಯೆಗಳನ್ನು ಓದಿ ಹೇಳಬಾರದೆಂದು ಭಾವ ನನಗೆ ಒಳಗೆ ಕರೆದು ಹೇಳಿದರು. ಆದರೆ ಅಕ್ಕ ಐದು ತಿಂಗಳಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

ಮುಂದಿನ ಭೇಟಿಯಲ್ಲಿ ವೈದ್ಯರು ದಾರಿಗಳನ್ನು ಮುಂದಿಟ್ಟರು. ಮಾತ್ರೆಯನ್ನು ಪೂರ್ತಿ ಬದಲಿಸಬಹುದು. ಇರುವ ಮಾತ್ರೆಗೆ ಇನ್ನೊಂದನ್ನು ಊರೆಯಾಗಿ ಕೊಡಬಹುದು: ಲಿಥಿಯಂ, ಇಲ್ಲವೆ ಅರಿಪಿಪ್ರಜೋಲ್, ಇಲ್ಲವೆ ಥೈರಾಯ್ಡ್‌ನ ಒಂದು ಹಾರ್ಮೋನು. ಆತ್ಮಹತ್ಯೆಯ ಅಪಾಯ ತೀವ್ರವಾಗಿದ್ದರೆ, ಊಟ ನೀರು ಬಿಟ್ಟಿದ್ದರೆ ವಿದ್ಯುತ್ ಚಿಕಿತ್ಸೆಯನ್ನೇ ಮೊದಲು ಹೇಳುತ್ತಿದ್ದೆ, ಸಿನೆಮಾಗಳಲ್ಲಿ ತೋರಿಸುವಂಥದ್ದಲ್ಲ ಅದು, ಅರಿವಳಿಕೆ ಕೊಟ್ಟು ಮಾಡುವಂಥದ್ದು, ಈಗ ಅದರ ಅಗತ್ಯ ಕಾಣುವುದಿಲ್ಲ ಎಂದರು. ಅಕ್ಕ ಲಿಥಿಯಂ ಎಂಬ ಹೆಸರಿನ ಅರ್ಥ ಕೇಳಿದರು. ವೈದ್ಯರಿಗೆ ನಗು ಬಂತು. ಅದೊಂದು ಉಪ್ಪು ಅಮ್ಮ, ಕಲ್ಲಿನಿಂದ ಬಂದದ್ದು ಎಂದರು.

ಆ ಮಾತು ನಿಜ. 1817ರಲ್ಲಿ ಸ್ಟಾಕ್‌ಹೋಮಿನ ಬರ್ಸೀಲಿಯಸ್‌ನ ಪ್ರಯೋಗಾಲಯದಲ್ಲಿ ಯೋಹಾನ್ ಆಗಸ್ಟ್ ಆರ್ಫ್‌ವೆಡ್‌ಸನ್ ಎಂಬ ತರುಣ, ಪೆಟಲೈಟ್ ಎಂಬ ಖನಿಜದಲ್ಲಿ ಹೊಸ ಧಾತುವೊಂದನ್ನು ಕಂಡ. ಕಲ್ಲಿಗೆ ಗ್ರೀಕಿನಲ್ಲಿರುವ ‘ಲಿಥೋಸ್’ ಶಬ್ದದಿಂದ ಅದಕ್ಕೆ ಹೆಸರಾಯಿತು. ಸಂಧಿವಾತಕ್ಕೆ ಕಾರಣವಾದ ಯೂರಿಕ್ ಆಮ್ಲವನ್ನು ಲಿಥಿಯಂ ಕರಗಿಸಬಲ್ಲದೆಂದು ಹತ್ತೊಂಬತ್ತನೆಯ ಶತಮಾನದ ವೈದ್ಯರು ನಂಬಿದರು. ಡೆನ್ಮಾರ್ಕಿನ ಕಾರ್ಲ್ ಲಾಂಗೆ ಮರಳಿ ಮರಳಿ ಬರುವ ಖಿನ್ನತೆಗೂ ಅದೇ ಆಮ್ಲ ಮೂಲವೆಂದು ಭಾವಿಸಿ ಲಿಥಿಯಂ ಕೊಟ್ಟು, 1886ರಲ್ಲಿ ಆ ಬಗ್ಗೆ ಬರೆದ. ಸಿದ್ಧಾಂತ ತಪ್ಪಾಗಿತ್ತು, ಮದ್ದು ಕೆಲವರಿಗೆ ಒಗ್ಗಿರಲೂಬಹುದು. ಸಿದ್ಧಾಂತ ಬಿದ್ದಾಗ ಮದ್ದೂ ಮರೆಯಾಯಿತು. ನಮ್ಮ ಸಾಹಿತ್ಯ ಚರಿತ್ರೆಯಲ್ಲಿಯೂ ಇಂಥದ್ದುಂಟು: ಕವಿಯ ಕಾಲನಿರ್ಣಯ ತಪ್ಪೆಂದು ತಿಳಿದೊಡನೆ ಆ ವಿದ್ವಾಂಸ ಕಾವ್ಯದ ಬಗ್ಗೆ ಹೇಳಿದ ಒಳ್ಳೆಯ ಮಾತುಗಳನ್ನೂ ಬದಿಗಿಡುವುದು.

1949 ಲಿಥಿಯಂನ ವಿಚಿತ್ರ ವರ್ಷ. ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪು ಬೇಡವೆಂದು ಅದರ ಬದಲಿಗೆ ಲಿಥಿಯಂ ಕ್ಲೋರೈಡನ್ನು ಮಾರುತ್ತಿದ್ದರು. ರುಚಿ ಉಪ್ಪಿನದೇ. ಅಳತೆಯಿಲ್ಲದೆ ಊಟದ ಮೇಲೆ ಉದುರಿಸಿಕೊಂಡವರಲ್ಲಿ ಕೆಲವರು ವಿಷವೇರಿ ಸತ್ತರು. ಆ ವರ್ಷವೇ ಅದನ್ನು ಮಾರುಕಟ್ಟೆಯಿಂದ ತೆಗೆಸಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ವೈದ್ಯಪತ್ರಿಕೆಯಲ್ಲಿ ಜಾನ್ ಕೇಡ್‌ನ ಲೇಖನ ಬಂತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕು ಸಿಂಗಪುರದ ಚಾಂಗಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಾಗಿದ್ದವನು ಆತ. ಮೆಲ್ಬರ್ನಿನ ಬುಂಡೂರದ ಆಸ್ಪತ್ರೆಯಲ್ಲಿ, ಉನ್ಮತ್ತರ ಮೂತ್ರದಲ್ಲಿ ಯಾವುದೋ ವಿಷವಿರಬೇಕೆಂಬ ಊಹೆಯಿಂದ ಗಿನಿಯಿಲಿಗಳಿಗೆ ಚುಚ್ಚಿ ನೋಡುತ್ತಿದ್ದ. ಯೂರಿಕ್ ಆಮ್ಲವನ್ನು ಕರಗಿಸುವ ಅನುಕೂಲಕ್ಕೆಂದು ಲಿಥಿಯಂ ಸೇರಿಸಿದಾಗ ಪ್ರಾಣಿಗಳು ಮೆತ್ತಗಾದವು. ಮೊದಲು ತಾನೇ ಸೇವಿಸಿ ನೋಡಿ, ಆಮೇಲೆ ಹತ್ತು ಮಂದಿ ಉನ್ಮತ್ತರಿಗೆ ಕೊಟ್ಟ. ಅವರು ಶಾಂತರಾದರು. ಅದೇ ಲೇಖನದಲ್ಲಿ ಮೂವರು ಖಿನ್ನರೂ ಇದ್ದಾರೆ. ಅವರಿಗೆ ಕೆಡುಕೂ ಆಗಲಿಲ್ಲ, ಒಳಿತೂ ಆಗಲಿಲ್ಲ. ‘ಡಬ್ಲ್ಯು. ಬಿ.’ ಎಂಬ ಎರಡಕ್ಷರದಿಂದ ಚರಿತ್ರೆಗೆ ಪರಿಚಿತನಾದ ಮೊದಲ ರೋಗಿ ವರ್ಷಗಳ ಉನ್ಮಾದದಿಂದ ಹೊರಬಂದು ಮನೆಗೆ ಹೋದ. ಮತ್ತೆ ಮರಳಿ, 1950ರಲ್ಲಿ ಲಿಥಿಯಂನ ವಿಷದಿಂದಲೇ ಸತ್ತ.

ಈ ಸಾವನ್ನು ಓದಿದ ರಾತ್ರಿ ಪುಸ್ತಕ ಮುಚ್ಚಿಟ್ಟೆ. ಅಕ್ಕ ಆಗಲೇ ಮೊದಲ ಮಾತ್ರೆ ನುಂಗಿಯಾಗಿತ್ತು. ಆಮೇಲೆ ತಿಳಿದದ್ದು: ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಅಳೆದು ಅದರಂತೆ ಮಾತ್ರೆಯನ್ನು ನಿರ್ಧರಿಸುವ ಕ್ರಮವನ್ನು ಮೆಲ್ಬರ್ನಿನವರೇ ಆದ ಟ್ರಾಟ್ನರ್ ಮತ್ತು ಆತನ ಜೊತೆಯವರು 1951ರ ಹೊತ್ತಿಗೆ ಆರಂಭಿಸಿದ್ದರು. ಕೇಡ್‌ನ ಹೆಸರು ಎಲ್ಲರಿಗೂ ಗೊತ್ತು, ಈ ಎರಡನೆಯವರದು ಗೊತ್ತಿಲ್ಲ. ಕೇಡ್ ತೋರಿಸಿದ್ದನ್ನು ಜನ ಸಾಯದೆ ಸೇವಿಸಬಹುದಾದದ್ದನ್ನಾಗಿ ಮಾಡಿದ್ದು ಆ ಅಳತೆ.

ಡೆನ್ಮಾರ್ಕಿನ ಮೋಗೆನ್ಸ್ ಸ್ಕೌ ಎಂಬ ವೈದ್ಯ 1954ರಲ್ಲಿ ನಿಯಂತ್ರಿತ ಪರೀಕ್ಷೆಯಿಂದ ಲಿಥಿಯಂ ಉನ್ಮಾದವನ್ನು ತಗ್ಗಿಸುವುದೆಂದು ತೋರಿಸಿ, ಮುಂದಿನ ಬದುಕನ್ನೆಲ್ಲ ಅದಕ್ಕೇ ಕೊಟ್ಟ. ಆತನ ಸ್ವಂತ ತಮ್ಮ ಇಪ್ಪತ್ತರ ಹರೆಯದಿಂದಲೂ ಮರಳಿ ಮರಳಿ ಬರುವ ಖಿನ್ನತೆಗೆ ಸಿಕ್ಕಿದ್ದ. ಬೇರೆ ಚಿಕಿತ್ಸೆಗಳು ತಡೆಯಲಾರದ ಆ ಮರುಕಳಿಕೆಯನ್ನು ಲಿಥಿಯಂ ತಡೆಯಿತು. 1968ರಲ್ಲಿ ಲಂಡನ್ನಿನ ಬ್ಲಾಕ್‌ವೆಲ್ ಮತ್ತು ಶೆಪರ್ಡ್ ‘ಲಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಇನ್ನೊಂದು ಚಿಕಿತ್ಸಾಪುರಾಣವಿರಬಹುದೇ ಎಂದು ಪ್ರಶ್ನಿಸಿದರು. ಒಡಹುಟ್ಟಿದವರ ಪ್ರೀತಿ ಪ್ರಮಾಣವಾಗಲಾರದೆಂಬ ಅವರ ತರ್ಕ ಸಾಧುವಾದದ್ದೇ. ಸ್ಕೌ ಮತ್ತು ಬಾಸ್ಟ್ರುಪ್ 1970ರಲ್ಲಿ, ಯಾರಿಗೆ ಮದ್ದು, ಯಾರಿಗೆ ಹುಸಿಗುಳಿಗೆ ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಯಿಂದ ಉತ್ತರ ಕೊಟ್ಟರು. ಅಕ್ಕನೊಬ್ಬಳ ತಮ್ಮನಾಗಿ ಈ ವಾಗ್ವಾದವನ್ನು ಓದುವಾಗ ನನ್ನ ಪಕ್ಷಪಾತ ಯಾವ ಕಡೆಗಿತ್ತೆಂದು ಹೇಳಬೇಕಾಗಿಲ್ಲ; ಆದರೂ ಬ್ಲಾಕ್‌ವೆಲ್, ಶೆಪರ್ಡರಂಥ ಸಂಶಯಿಗಳು ಇದ್ದುದರಿಂದಲೇ ಆ ಮಾತ್ರೆಯನ್ನು ಇಂದು ನಂಬಬಹುದಾಗಿದೆ.

ಇನ್ನು ಅಕ್ಕನ ಸ್ಥಿತಿಗೆ ನೇರವಾಗಿ ಸಂಬಂಧಿಸಿದ ಸಂಗತಿ. 1981ರಲ್ಲಿ ಕೆನಡಾದ ಕ್ಲೋದ್ ದ ಮೊಂತಿನ್ಯಿ ಮತ್ತು ಸಹೋದ್ಯೋಗಿಗಳು, ಮೂರು ವಾರ ಟ್ರೈಸೈಕ್ಲಿಕ್ ಸೇವಿಸಿಯೂ ಗುಣ ಕಾಣದ ಎಂಟು ಮಂದಿಗೆ ಆ ಮಾತ್ರೆಯನ್ನು ನಿಲ್ಲಿಸದೆ ಲಿಥಿಯಂ ಸೇರಿಸಿದರು. ನಲವತ್ತೆಂಟು ಗಂಟೆಗಳೊಳಗೆ ಅವರ ಖಿನ್ನತೆ ಇಳಿಯಿತೆಂದು ಪ್ರಕಟಿಸಿದರು. ಕೇಡ್‌ನ ಮೂವರು ಖಿನ್ನರಿಗೆ ಒಂಟಿಯಾಗಿ ಏನನ್ನೂ ಮಾಡದಿದ್ದ ಉಪ್ಪು, ಇನ್ನೊಂದು ಮದ್ದಿನ ಜೊತೆ ಸೇರಿದಾಗ ಕೆಲಸ ಮಾಡಿತು. ಅಲ್ಲಿಂದೀಚೆಗೆ ಬಂದ ಪರೀಕ್ಷೆಗಳು ಆ ವೇಗವನ್ನು ಎಲ್ಲರಲ್ಲೂ ಕಾಣಲಿಲ್ಲ, ಆದರೆ ಊರೆಯಾಗಿ ಲಿಥಿಯಂಗೆ ಗುಣವಿದೆಯೆಂಬುದನ್ನು ಒಟ್ಟಿನಲ್ಲಿ ಎತ್ತಿಹಿಡಿದವು. ಮೇಲೆ ಹೇಳಿದ ಸ್ಟಾರ್-ಡಿ ಅಧ್ಯಯನದ ಮೂರನೆಯ ಹಂತದಲ್ಲಿ ಮಾತ್ರ ಅದರ ಫಲ ಸಪ್ಪೆ: ಲಿಥಿಯಂ ಸೇರಿಸಿದವರಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಗುಣ, ಥೈರಾಯ್ಡ್ ಹಾರ್ಮೋನು ಸೇರಿಸಿದವರಲ್ಲಿ ಸುಮಾರು 25. ಅಡ್ಡಪರಿಣಾಮ ತಾಳಲಾರದೆ ಬಿಟ್ಟವರೂ ಲಿಥಿಯಂ ಕಡೆಯೇ ಹೆಚ್ಚು. ಈ ಲೆಕ್ಕವನ್ನು ಅಕ್ಕನಿಗೆ ನಾನು ಹೇಳಲಿಲ್ಲ. ಭಾವನವರ ಮಾತು ನೆನಪಿತ್ತು.

ಕನ್ನಡದ ‘ಮದ್ದು’ ಎಂಬ ಪದದ ಬಗ್ಗೆ ಇಲ್ಲಿ ಎರಡು ಮಾತು. ಔಷಧವೂ ಮದ್ದೇ, ಊಟದಲ್ಲಿ ಯಾರೋ ಸೇರಿಸಿದ ಕೆಟ್ಟದ್ದೂ ಮದ್ದೇ, ‘ಮದ್ದು ಹಾಕಿದ್ದಾರೆ’ ಎಂದಾಗ, ಕೋವಿಗೆ ತುಂಬುವುದೂ ಮದ್ದೇ. ವಿಷವೈದ್ಯವನ್ನು ಕುರಿತು ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ಬರೆದ ‘ಖಗೇಂದ್ರಮಣಿದರ್ಪಣ’ ನಮ್ಮಲ್ಲಿದ್ದರೂ ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಶಾಸ್ತ್ರಗ್ರಂಥವೆಂದು ದಾಟಿಹೋಗುತ್ತಾರೆ. ಲಿಥಿಯಂನಂಥ ಮದ್ದನ್ನು ಮನೆಯಲ್ಲಿಟ್ಟುಕೊಂಡ ಮೇಲೆ ಆ ಗ್ರಂಥದ ಕಡೆಗೆ ನನ್ನ ಕೈ ತಾನಾಗಿ ಹೋಯಿತು. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ವರೆಗೆ ಅದು ಔಷಧ. 1.5 ದಾಟಿದರೆ ವಾಂತಿ, ಭೇದಿ, ತಡವರಿಸುವ ನಾಲಗೆ, ತೂರಾಡುವ ನಡೆ. ಇನ್ನೂ ಮೇಲಕ್ಕೆ ಹೋದರೆ ಡಬ್ಲ್ಯು. ಬಿ.ಯ ದಾರಿ. ಔಷಧಕ್ಕೂ ವಿಷಕ್ಕೂ ನಡುವಣ ಅಂತರ ಇಷ್ಟು ಕಿರಿದಾದ ಮಾತ್ರೆಗಳು ದಿನಬಳಕೆಯಲ್ಲಿ ಹೆಚ್ಚಿಲ್ಲ. ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನದನ್ನು ನುಂಗುವ ಮೊದಲು, ರಕ್ತ ಕೊಡಬೇಕು. ಆರಂಭಕ್ಕೆ ಮುನ್ನವೇ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳಾಗಬೇಕು, ಆಮೇಲೂ ಕೆಲವು ತಿಂಗಳಿಗೊಮ್ಮೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್‌ನಂಥ ಮಾತ್ರೆಗಳೂ, ರಕ್ತದೊತ್ತಡದ ಕೆಲವು ಮಾತ್ರೆಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ, ಕೇಳದೆ ತೆಗೆದುಕೊಳ್ಳುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು ಮತ್ತು ಅಡುಗೆ ಉಪ್ಪು. ಮೂತ್ರಪಿಂಡಕ್ಕೆ ಸೋಡಿಯಂ ಯಾವುದು, ಲಿಥಿಯಂ ಯಾವುದು ಎಂಬ ಭೇದ ಅಷ್ಟಾಗಿ ತಿಳಿಯದು. ಊಟದಲ್ಲಿ ಉಪ್ಪು ಕಡಿಮೆಯಾದರೆ, ಮೈಯಲ್ಲಿ ನೀರು ಬತ್ತಿದರೆ, ಅದು ಸೋಡಿಯಂ ಅನ್ನು ಉಳಿಸಿಕೊಳ್ಳುವ ಭರದಲ್ಲಿ ಲಿಥಿಯಂ ಅನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದೇ ಮಾತ್ರೆ, ಅದೇ ಪ್ರಮಾಣ, ರಕ್ತದಲ್ಲಿ ಮಾತ್ರ ವಿಷದ ಮಟ್ಟ. ಅಮೆರಿಕದ ಆ ಬದಲಿ ಉಪ್ಪು ಅಷ್ಟು ಕ್ರೂರವಾದದ್ದೂ ಇದರಿಂದಲೇ: ಉಪ್ಪು ಬಿಟ್ಟವರೇ ಅದನ್ನು ತಿನ್ನುತ್ತಿದ್ದರು.

ಇದು ನಮ್ಮ ಮನೆಯಲ್ಲಿ ಬರಿಯ ಶರೀರಶಾಸ್ತ್ರದ ಮಾತಾಗಿ ಉಳಿಯಲಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಅಕ್ಕ ಹರೆಯದಿಂದಲೂ ಉಪ್ಪು ಬಿಟ್ಟು ಒಪ್ಪೊತ್ತು ಊಟ ಮಾಡುವವರು. ಅನಂತ ಚತುರ್ದಶಿಯಂದು ನೀರೂ ಇಲ್ಲದ ಉಪವಾಸ. ವೈದ್ಯರಿಗೆ ಇದನ್ನು ಹೇಳಿದ್ದು ಭಾವನವರೇ. ವೈದ್ಯರು ಮುಖ ಗಂಭೀರವಾಗಿಸಿ, ಈ ಮಾತ್ರೆಯ ಮೇಲಿರುವಾಗ ಎರಡೂ ಸಾಧ್ಯವಿಲ್ಲ ಎಂದರು. ನಲವತ್ತು ವರ್ಷಗಳ ನಿಯಮ. ಅದನ್ನು ಬಿಡು ಎಂದು ಖಿನ್ನತೆಯಲ್ಲಿರುವ ಹೆಂಗಸಿಗೆ ಹೇಳುವುದೆಂದರೆ, ಅಪರಾಧಭಾವದ ಗುಡ್ಡಕ್ಕೆ ಇನ್ನೊಂದು ಕಲ್ಲು ಹೊರಿಸಿದಂತೆ. ನಾವು ಯಾರೂ ಮಾತಾಡಲಿಲ್ಲ. ಎರಡು ದಿನ ಕಳೆದ ಮೇಲೆ ಅಕ್ಕನೇ ಹೇಳಿದರು: ಶಕ್ತಿಗೆ ತಕ್ಕಂತೆ ಎಂದಲ್ಲವೇ ಶಾಸ್ತ್ರ ಹೇಳುವುದು, ಉಪ್ಪಿನ ಬದಲು ಈ ವರ್ಷ ಸಕ್ಕರೆ ಬಿಡುತ್ತೇನೆ. ರಸಪರಿತ್ಯಾಗದ ಪಟ್ಟಿಯಲ್ಲಿ ಸಿಹಿಯೂ ಇದೆಯೆಂಬುದು ನಮಗಾರಿಗೂ ಹೊಳೆದಿರಲಿಲ್ಲ. ಸಿಹಿ ಬಿಟ್ಟದ್ದನ್ನು ವೈದ್ಯರಿಗೆ ತಿಳಿಸಿದಾಗ ಅವರು ಕಡತದಲ್ಲಿ ಬರೆದುಕೊಂಡರು.

ನಲವತ್ತೆಂಟು ಗಂಟೆಗಳಲ್ಲಿ ಏನೂ ಆಗಲಿಲ್ಲ. ಮೊದಲ ವಾರದ ರಕ್ತಪರೀಕ್ಷೆಯಲ್ಲಿ ಮಟ್ಟ 0.4; ಪ್ರಮಾಣ ಏರಿಸಿದರು. ಎರಡನೆಯ ಬಾರಿ 0.7. ಮೂರನೆಯ ವಾರ ಕಳೆಯಿತು, ಬಾಯಾರಿಕೆ ಮತ್ತು ರಾತ್ರಿ ಎರಡೆರಡು ಬಾರಿ ಏಳುವುದು ಬಿಟ್ಟು ಬೇರೆ ಬದಲಾವಣೆ ಕಾಣಲಿಲ್ಲ. ಐದನೆಯ ವಾರ ನಾನು ಹೋದಾಗ ಅಕ್ಕ ಜಗಲಿಯಲ್ಲಿ ಒಂದು ಪುಸ್ತಕ ಹಿಡಿದು ಕುಳಿತಿದ್ದರು. ನನ್ನನ್ನು ನೋಡಿದವರೇ, ಈ ಪದ್ಯದ ಎರಡನೆಯ ಸಾಲಿನ ಪಾಠ ಸರಿಯಿಲ್ಲ, ಛಂದಸ್ಸೇ ಕೂಡುವುದಿಲ್ಲ, ಸಂಪಾದಕರು ನಿದ್ದೆಗಣ್ಣಿನಲ್ಲಿದ್ದರೋ ಏನೋ ಎಂದರು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಇದು ಲಿಥಿಯಂನಿಂದಲೇ ಆಯಿತು ಎಂದು ಪ್ರಮಾಣ ಮಾಡಲಾರೆ. ಒಬ್ಬರ ಅನುಭವ ಪರೀಕ್ಷೆಯಾಗುವುದಿಲ್ಲ. ವೆನ್ಲಾಫಾಕ್ಸಿನ್ ತಡವಾಗಿ ಫಲಿಸಿರಬಹುದು, ಕಾಲವೇ ಕಳೆದಿರಬಹುದು. ಬೆಲೆಯೂ ಇತ್ತು. ಬೆರಳುಗಳಲ್ಲಿ ಸಣ್ಣ ನಡುಕ ಬಂತು. ಕರಿಹಲಗೆಯ ಮೇಲೆ ಮುತ್ತಿನಂತೆ ಬರೆಯುತ್ತಿದ್ದವರ ‘ಳ’ಕಾರ ಈಗ ಅಲುಗುತ್ತದೆ. ಏಳನೆಯ ತಿಂಗಳಲ್ಲಿ ಥೈರಾಯ್ಡ್ ಮಂದವಾಗಿದೆಯೆಂದು ಇನ್ನೊಂದು ಮಾತ್ರೆ ಸೇರಿತು. ಲಿಥಿಯಂ ಸೇವಿಸುವವರಲ್ಲಿ ಇದು ಅಪರೂಪವಲ್ಲ. ಒಂದು ಕೆಟ್ಟ ಹದಿನೈದು ದಿನ ನಡುವೆ ಬಂದು ಹೋಯಿತು. ಪೂರ್ತಿ ಗುಣವೆಂಬ ಮಾತನ್ನು ವೈದ್ಯರೂ ಆಡುವುದಿಲ್ಲ, ಅಕ್ಕನೂ ಆಡುವುದಿಲ್ಲ.

ಹೊಸ ಮದ್ದುಗಳ ವಂಶವೃತ್ತಾಂತವೂ ಹಳೆಯದರಂತೆಯೇ ಇದೆ. 1962ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದ, ಶಸ್ತ್ರಚಿಕಿತ್ಸೆಯ ಅರಿವಳಿಕೆಯಾಗಿ ಬಳಸುತ್ತಿದ್ದ ಕೆಟಮಿನ್, ಅದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಖಿನ್ನತೆಯನ್ನು ಗಂಟೆಗಳಲ್ಲಿ ಇಳಿಸಬಲ್ಲದೆಂದು ಯೇಲ್ ವಿಶ್ವವಿದ್ಯಾಲಯದವರು 2000ದಲ್ಲಿ ಏಳು ರೋಗಿಗಳಲ್ಲಿ ಕಂಡರು. 2006ರಲ್ಲಿ ಕಾರ್ಲೋಸ್ ಜರಾಟೆ ಮತ್ತು ಜೊತೆಯವರು ಬೇರೆ ಮದ್ದುಗಳಿಗೆ ಗುಣ ಕಾಣದವರಲ್ಲಿಯೇ ಅದನ್ನು ತೋರಿಸಿದರು. ಒಂದು ಬಾರಿ ಕೊಟ್ಟದ್ದರ ಪರಿಣಾಮ ಹೆಚ್ಚಿನವರಲ್ಲಿ ವಾರದೊಳಗೆ ಮಾಸುತ್ತದೆ. ಅದರ ಒಂದು ರೂಪವಾದ ಎಸ್ಕೆಟಮಿನ್ ಅನ್ನು ಮೂಗಿನ ಸಿಂಪಡಿಕೆಯಾಗಿ, ಇಂಥ ಖಿನ್ನತೆಗೆಂದೇ, ಅಮೆರಿಕ 2019ರ ಮಾರ್ಚಿನಲ್ಲಿ ಅಂಗೀಕರಿಸಿತು. ಸೇವಿಸಿದ ಮೇಲೆ ಎರಡು ಗಂಟೆ ವೈದ್ಯರ ಕಣ್ಣಳತೆಯಲ್ಲಿರಬೇಕು. ನಿನ್ನೆ ಬಗ್ಗದವರೆನಿಸಿಕೊಂಡವರಲ್ಲಿ ಕೆಲವರು ಇದರಿಂದ ಚೇತರಿಸಿಕೊಂಡಿದ್ದಾರೆ. ಅವರು ಬದಲಾಗಿರಲಿಲ್ಲ. ವೈದ್ಯರಲ್ಲಿಯೇ ಕೆಲವರು ಈಚೆಗೆ ‘ನಿರೋಧಕ’ವನ್ನು ಬಿಟ್ಟು ‘ಚಿಕಿತ್ಸಿಸಲು ಕಷ್ಟವಾದ ಖಿನ್ನತೆ’ ಎಂಬರ್ಥದ ಹೆಸರನ್ನು ಸೂಚಿಸಿದ್ದಾರೆ. ಕಷ್ಟ ಚಿಕಿತ್ಸಿಸುವವರದೆಂದು ಆ ಹೆಸರು ಒಪ್ಪಿಕೊಳ್ಳುತ್ತದೆ.

ಅಕ್ಕನಿಗೆ ಅದೂ ಉದ್ದವೆನಿಸಿತು. ಓಲೆಗರಿಯಲ್ಲಿ ಅರ್ಥವಾಗದ ಸಾಲು ಬಂದರೆ ನಾವು ಪದ್ಯಕ್ಕೆ ಬೈಯುತ್ತೇವೆಯೇ, ಇನ್ನೊಂದು ಪ್ರತಿ ಹುಡುಕುತ್ತೇವೆ. ‘ಪ್ರತಿ ಸಿಕ್ಕದ್ದು’ ಎಂದು ಬರೆದರೆ ಸಾಕು ಎಂದರು. ಕಡತದ ಮೇಲೆ ಹಾಗೆ ಬರೆಯಲು ವೈದ್ಯರು ಒಪ್ಪಲಾರರೆಂದು ನಾನು ಹೇಳಿದೆ.

ಕಳೆದ ತಿಂಗಳ ಮಟ್ಟ 0.62. ಬೇಸಗೆ ಬಂದಿದೆ, ಬೆವರು ಹೆಚ್ಚು. ಗಂಜಿಗೆ ಉಪ್ಪು ತಪ್ಪಿಸಬಾರದು, ನೀರು ಕಡಿಮೆ ಮಾಡಬಾರದು ಎಂದು ವೈದ್ಯರು ಮತ್ತೆ ಹೇಳಿ ಕಳುಹಿಸಿದ್ದಾರೆ. ‘ಖಗೇಂದ್ರಮಣಿದರ್ಪಣ’ವನ್ನು ನಾವಿಬ್ಬರೂ ಫೋನಿನಲ್ಲಿ ದಿನಕ್ಕೆ ಹತ್ತು ಪದ್ಯದಂತೆ ಓದುತ್ತಿದ್ದೇವೆ. ಓದುವುದು ಅವರು, ಟಿಪ್ಪಣಿ ಬರೆಯುವುದು ನಾನು, ಕೈ ನಡುಗುವುದರಿಂದ. ಸ್ಥಾವರವಿಷಗಳ ಭಾಗದಲ್ಲಿ ಒಂದು ಗಿಡದ ಹೆಸರಿನ ಮೇಲೆ ಮೂರು ದಿನದಿಂದ ಜಗಳ ನಡೆದಿದೆ.